ಕೊಬ್ಬರಿ ಎಣ್ಣೆಯ ಮೇಲೆ ಬಾರದ ಅನುಮಾನ

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ಈ ಕಸುಬಿನಲ್ಲಿ ನಂಬಿಕೆಗೆ ಜಾಗ ಕಡಿಮೆ. ಚೀಲದ ಮೇಲೆ ಬೆಳ್ಳಗೆ, ಗುಂಡಗೆ ಉಂಡೆ ಕೊಬ್ಬರಿ ಕೂತಿರುತ್ತದೆ. ಮೊಣಕೈವರೆಗೆ ಕೈ ಇಳಿಸಿದರೆ ತಳದಲ್ಲಿ ಕಪ್ಪು ಹಿಡಿದ ಚೂರುಗಳು ಸಿಗುತ್ತವೆ. "ಚೀಲದ ಬಾಯಿ ನೋಡ್ಬೇಡ ಕಣೋ, ತಳ ನೋಡು" ಎಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಅದನ್ನು ನಾನು ಮಂಡಿಯಲ್ಲಷ್ಟೇ ಅಲ್ಲ, ಮನೆಯಲ್ಲೂ ಪಾಲಿಸಿಕೊಂಡು ಬಂದವನು. ಹಾಲಿನವನು ನೀರು ಬೆರೆಸುತ್ತಾನೆ. ಗ್ಯಾಸಿನವನು ತುಂಬದ ಸಿಲಿಂಡರ್ ತರುತ್ತಾನೆ. ಮಠದ ದಾಸೋಹದಲ್ಲಿ ಬಡಿಸುವವನು ನನ್ನ ಎಲೆ ಬಂದಾಗ ಮಾತ್ರ ಪಾಯಸದ ಸೌಟನ್ನು ಅರ್ಧಕ್ಕೆ ಎತ್ತುತ್ತಾನೆ. ಇದನ್ನೆಲ್ಲ ನಾನು ಹೇಳಿದಾಗ ನನ್ನ ಹೆಂಡತಿ, "ನಿಮ್ಮ ನೆರಳು ಹಿಂದೆ ಬಂದ್ರೂ ಯಾರೋ ಫಾಲೋ ಮಾಡ್ತಿದಾರೆ ಅಂತೀರಿ" ಎಂದು ನಗುತ್ತಾಳೆ.

ಅವಳು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಕಣಕಟ್ಟೆ ಹೋಬಳಿಯ ಶಾಲೆಗಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಎರಡು ವರ್ಷದ ಹಿಂದೆ ನಿವೃತ್ತಳಾದಳು. ಮೊದಲ ತಿಂಗಳು ಅಲಮಾರು ಜೋಡಿಸಿದಳು. ಎರಡನೆಯ ತಿಂಗಳು ಮತ್ತೆ ಅದೇ ಅಲಮಾರು ಜೋಡಿಸಿದಳು. ಮೂರನೆಯ ತಿಂಗಳು ನನ್ನೆದುರು ಕುಳಿತು, "ನನಗೊಂದು ಸಣ್ಣ ನಾಯಿ ಬೇಕು" ಎಂದಳು. ನಮ್ಮ ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ಈಗ ಅನ್ನಿಸುತ್ತದೆ. ಆಗ ನಾನು, ಇವಳಿಗೆ ಇದನ್ನು ತಲೆಗೆ ತುಂಬಿದವರು ಯಾರು ಎಂದು ಯೋಚಿಸುತ್ತಾ ಕುಳಿತಿದ್ದೆ.

ಬೇಲೂರಿನಲ್ಲಿ ಒಬ್ಬ ಟೈಲರ್ ಮನೆಯಲ್ಲಿ ನಾಯಿಮರಿ ಸಾಕಿ ಮಾರುತ್ತಿದ್ದ. ಅವನಿಂದ ಒಂದು ಡ್ಯಾಶ್‌ಹೌಂಡ್ ಜಾತಿಯ ಮರಿ ತಂದೆವು. ಕಾಲು ಗೇಣುದ್ದ, ಮೈ ಮಾರುದ್ದ, ಕಿವಿ ನೆಲಕ್ಕೆ ತಾಗುವಂಥದ್ದು. ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು. ಮನೆಗೆ ಬಂದ ದಿನವೇ ಅವಳು ಅದಕ್ಕೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಇಟ್ಟಳು. "ಮನೇಲಿ ಇರೋರೆಲ್ಲಾ ಇಟ್ಕೋತೀವಿ, ಇದಕ್ಕೆ ಮಾತ್ರ ಯಾಕೆ ಬೇಡ?" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಗೊಣಗಿದೆ. ಒಂದು ವಾರ ಕಳೆಯುವುದರೊಳಗೆ, ಮಂಡಿಯಿಂದ ಬಂದು ಚಪ್ಪಲಿ ಬಿಡುವಾಗ ಅದು ಓಡಿಬಂದು ಕಾಲಿಗೆ ಸುತ್ತದಿದ್ದರೆ ನನಗೆ ಏನೋ ಕಳೆದಂತೆ ಆಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಒಂದು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ, ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ, ಅದು ಕಾಲು ನೆಕ್ಕಲು ಆರಂಭಿಸಿತು. ಮುಂಗಾಲಿನ ಬೆರಳಸಂದಿಯನ್ನು ಗಂಟೆಗಟ್ಟಲೆ ನೆಕ್ಕುವುದು, ಕಿವಿ ಪಟಪಟನೆ ಒದರುವುದು, ಹೊಟ್ಟೆಯನ್ನು ಕಾಲೊರಸಿಗೆ ಉಜ್ಜಿಕೊಂಡು ನಡುಮನೆಯಲ್ಲಿ ತೆವಳುವುದು. ಕಂಕುಳಲ್ಲಿ ಕೂದಲು ಉದುರಿ, ಚರ್ಮ ಕೆಂಪಾಗಿ, ಆಮೇಲೆ ಕಪ್ಪಾಗಿ ದಪ್ಪವಾಯಿತು. ಕಿವಿಯೊಳಗೆ ಕಂದು ಬಣ್ಣದ ಮೇಣ. ಮೈಯಿಂದ ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ.

ಇಂಥದ್ದಕ್ಕೆ ಯಾರೋ ಒಬ್ಬರು ಕಾರಣ ಇರಲೇಬೇಕು ಎಂದು ನಾನು ಹುಡುಕಲು ಶುರುಮಾಡಿದೆ. ಮೊದಲು ಸಿಕ್ಕಿದವರು ಪಕ್ಕದ ಮನೆಯಾಕೆ. ಬೆಳಿಗ್ಗೆ ಬಾಗಿಲಿಗೆ ಫಿನೈಲ್ ಹಾಕಿ ತೊಳೆಯುತ್ತಾರೆ, ಆ ನೀರು ನಮ್ಮ ಗೇಟಿನ ಮುಂದೆಯೇ ಹರಿಯುತ್ತದೆ. ಬೇಕೆಂದೇ ಹರಿಯಬಿಡುತ್ತಾರೆ ಎಂದು ನನಗೆ ಖಾತ್ರಿ ಇತ್ತು. ಎರಡು ದಿನ ನಾನೇ ಬೇಗ ಎದ್ದು ಗೇಟಿನ ಮುಂದೆ ಇಟ್ಟಿಗೆ ಅಡ್ಡ ಇಟ್ಟೆ. ಆಕೆ ಅದನ್ನು ದಾಟಿಕೊಂಡು ಹೋಗುತ್ತಾ, "ಏನ್ರಣ್ಣ, ಮನೆ ಕಟ್ಸೋಕೆ ಶುರು ಮಾಡಿದ್ರಾ?" ಎಂದು ಕೇಳಿದರು. ನಾಯಿಯ ನವೆ ಕಡಿಮೆಯಾಗಲಿಲ್ಲ.

ಎರಡನೆಯದಾಗಿ ಹೆಂಡತಿಯ ಮೇಲೆಯೇ ಅನುಮಾನ ಬಂತು. ಹೋಳಿಗೆ ಮಾಡಿದ ದಿನ ಅದಕ್ಕೆ ಒಂದು ತುಂಡು ಹಾಕಿರುತ್ತಾಳೆ, ಬಿಸ್ಕತ್ತು ತಿನ್ನಿಸುತ್ತಾಳೆ, ಕೊಬ್ಬರಿ ಸಕ್ಕರೆ ಕೊಟ್ಟು ಮುದ್ದು ಮಾಡುತ್ತಾಳೆ. ಮಧ್ಯಾಹ್ನ ಮಂಡಿಯಿಂದ ಹೇಳದೆ ಕೇಳದೆ ಮನೆಗೆ ಬಂದು ಅಡಿಗೆಮನೆ ಬಾಗಿಲ ಹಿಂದೆ ನಿಂತೆ. ಅವಳು ನೆಲದ ಮೇಲೆ ಕುಳಿತು ಅದಕ್ಕೆ ಸಪ್ಪೆ ಮೊಸರನ್ನ ಕಲಸಿ ಕೊಡುತ್ತಾ, ಎರಡರ ಮಗ್ಗಿ ಹೇಳುತ್ತಿದ್ದಳು. ನಾನು ನಿಂತಿದ್ದು ಅವಳಿಗೆ ಗೊತ್ತಿತ್ತು. "ಎರಡೊಂಬತ್ಲ ಹದಿನೆಂಟು, ಬಾಗಿಲ ಹಿಂದೆ ಯಾರಿದಾರೆ ನೋಡು" ಎಂದಳು.

ಹಾಗಾದರೆ ತಪ್ಪು ಬೇಲೂರಿನವನದ್ದೇ. ರೋಗದ ಮರಿಯನ್ನು ಮೇಲೆ ಚೆನ್ನಾಗಿ ಕಾಣುವಂತೆ ತೊಳೆದು ನಮಗೆ ಸಾಗಹಾಕಿದ್ದಾನೆ ಎಂದು ತೀರ್ಮಾನಿಸಿ, ನಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಬೇಲೂರಿನ ಬಸ್ಸು ಹತ್ತಿದೆವು. ಟೈಲರ್ ಮಿಷನ್ ಬಿಟ್ಟು ಎದ್ದು ಬಂದ. ನಾನು ಕೂಗಾಡಿದೆ. ಅವನು ಹಿತ್ತಲಿನಿಂದ ತಾಯಿನಾಯಿಯನ್ನು ಕರೆದು ತಂದು ತೋರಿಸಿದ. ಅದರ ಮೈ ಕನ್ನಡಿಯಂತಿತ್ತು. "ಇದ್ರ ಜೊತೆ ಹುಟ್ಟಿದ್ ನಾಲ್ಕೂ ಇದೇ ಊರಾಗ್ ಅವೆ ಸಾರ್, ಒಂದುಕ್ಕೂ ಏನೂ ಆಗಿಲ್ಲ. ನೀವ್ ಏನ್ ಮಾಡಿದ್ರಿ ಹೇಳಿ" ಎಂದ. ನೀವು ಏನು ಮಾಡಿದಿರಿ ಎಂದು ನನ್ನನ್ನೇ ಕೇಳುವ ಧೈರ್ಯ! ಅವನು ತೋರಿಸಿದ್ದು ಬೇರೆ ಯಾವುದೋ ನಾಯಿ ಎಂದು ನಾನು ದಾರಿಯುದ್ದಕ್ಕೂ ಹೆಂಡತಿಗೆ ಹೇಳಿದೆ.

ವಾಪಸು ಬರುವ ಬಸ್ಸಿನಲ್ಲಿ ನಾಯಿ ಬುಟ್ಟಿಯೊಳಗೇ ಕೆರೆದುಕೊಳ್ಳತೊಡಗಿತು. ಕಿಟಕಿ ಮುಚ್ಚಿದ್ದರಿಂದ ವಾಸನೆ ಬಸ್ಸಿಗೆಲ್ಲ ಹರಡಿತು. ಹಿಂದಿನ ಸೀಟಿನ ಗಂಡಸು ಎದ್ದು ಬಗ್ಗಿ ನೋಡಿ, "ಏನಮ್ಮೋ, ಕಜ್ಜಿ ನಾಯಿ ತಂದ್ಬಿಟ್ಟಿದೀಯ! ನಮ್ ಹುಡುಗ್ರಿಗೂ ಅಂಟ್ಕಂತೈತೆ, ಇಳಿಸಮ್ಮ ಅತ್ಲಾಗಿ" ಎಂದ. ನನ್ನ ಹೆಂಡತಿ ಬುಟ್ಟಿಯನ್ನು ಸೆರಗಿನಿಂದ ಮುಚ್ಚಿಕೊಂಡು, ಬಸ್ಸು ಹಳೇಬೀಡಿನಲ್ಲಿ ನಿಂತ ತಕ್ಷಣ ಇಳಿದುಬಿಟ್ಟಳು. ನಾನೂ ಇಳಿದೆ. ಟೂರಿಸ್ಟ್ ಬಸ್ಸುಗಳು ನಿಲ್ಲುವ ಕಡೆ ಒಂದು ಕಲ್ಲು ಬೆಂಚಿತ್ತು. ಅಲ್ಲಿ ಕುಳಿತೆವು. ಶಾಲೆಯ ಮಕ್ಕಳು ಸಾಲುಸಾಲಾಗಿ ದೇವಸ್ಥಾನಕ್ಕೆ ಹೋಗುತ್ತಿದ್ದರು. ಅವಳು ಅವರ ಕಡೆಗೂ ನೋಡಲಿಲ್ಲ.

ಆಗ ನಾನು ಹೇಳಬಾರದ ಮಾತೊಂದನ್ನು ಹೇಳಿದೆ. "ಗೌರಿ ಹಬ್ಬಕ್ಕೆ ಮನೆ ತುಂಬ ಜನ ಬರ್ತಾರೆ. ಅಷ್ಟರೊಳಗೆ ವಾಸಿ ಆಗ್ಲಿಲ್ಲ ಅಂದ್ರೆ ಕಣಕಟ್ಟೆ ಹತ್ರ ಇರೋ ನಮ್ಮ ತೋಟಕ್ಕೆ ಬಿಟ್ಟುಬಿಡೋಣ. ಅಲ್ಲಿ ಇನ್ನೆರಡು ನಾಯಿ ಇವೆ, ಜೊತೆಗಿರುತ್ತೆ." ತೋಟದ ನಾಯಿಗಳು ಹಂದಿ ಅಟ್ಟುವಂಥವು. ಗೇಣುದ್ದ ಕಾಲಿನ ಇದು ಅಲ್ಲಿ ಒಂದು ವಾರ ಬದುಕುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು, "ಇದು ಬಂದ ಮೇಲೆ ನನಗೆ ಬೆಳಿಗ್ಗೆ ಏಳೋಕೆ ಒಂದು ಕಾರಣ ಸಿಕ್ಕಿತ್ತು. ಅದನ್ನ ಕಿತ್ಕೋಬೇಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೂ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ನಮ್ಮೂರಿನಲ್ಲೇ ಹೊಸದಾಗಿ ಪ್ರಾಣಿಗಳ ಕ್ಲಿನಿಕ್ ತೆರೆದಿದ್ದ ಡಾಕ್ಟರ ಹತ್ತಿರ ಹೋದೆವು. ಇನ್ನೂ ಸಣ್ಣ ವಯಸ್ಸಿನ ಹುಡುಗಿ. ಕುರಿ ಮೇಕೆಗಳ ನಡುವೆ ನಮ್ಮ ಬುಟ್ಟಿ ಇಟ್ಟುಕೊಂಡು ಕುಳಿತೆವು. ಆಕೆ ನಾಯಿಯ ಕಿವಿ, ಕಂಕುಳು, ಬೆರಳಸಂದಿ ಎಲ್ಲ ನೋಡಿ, "ಇದು ಕಜ್ಜಿ ಅಲ್ಲ, ನಿಮಗೆ ಅಂಟಲ್ಲ. ಈಸ್ಟ್ ಇನ್ಫೆಕ್ಷನ್" ಎಂದಳು.

"ಈಸ್ಟ್ ಅಂದ್ರೆ ಬೇಕರಿಲಿ ಬ್ರೆಡ್ಡಿಗೆ ಹಾಕ್ತಾರಲ್ಲ, ಅದಾ?" ಎಂದು ನಾನು ಕೇಳಿದೆ. ನನ್ನ ದನಿಯಲ್ಲಿದ್ದ ಅಪನಂಬಿಕೆ ಆಕೆಗೆ ತಿಳಿದಿರಬೇಕು.

"ಅದರ ದಾಯಾದಿ ಅನ್ಕೊಳ್ಳಿ. ಎಲ್ಲಾ ನಾಯಿಗಳ ಚರ್ಮದ ಮೇಲೂ ಸ್ವಲ್ಪ ಇದ್ದೇ ಇರುತ್ತೆ, ತೊಂದ್ರೆ ಕೊಡಲ್ಲ. ತೇವ, ಜಿಡ್ಡು ಸಿಕ್ಕಿದ್ರೆ, ಅಲರ್ಜಿಯಿಂದ ಚರ್ಮ ಕೆಟ್ರೆ, ಸಿಕ್ಕಾಪಟ್ಟೆ ಬೆಳ್ಕೊಳ್ಳುತ್ತೆ. ಮಳೆಗಾಲ ಬೇರೆ. ಇದರ ಹೊಟ್ಟೆ ನೆಲಕ್ಕೇ ತಾಗುತ್ತೆ, ಕಿವಿ ಮುಚ್ಕೊಂಡೇ ಇರುತ್ತೆ, ಗಾಳಿ ಆಡಲ್ಲ."

ಆಮೇಲೆ ಆಕೆ ಒಂದು ಶಾಂಪೂ ಬಾಟಲಿ, ಕಿವಿ ಒರೆಸುವ ಔಷಧಿ, ನವೆಗೆ ಮಾತ್ರೆ ಕೊಟ್ಟಳು. ವಾರಕ್ಕೆ ಎರಡು ಸಲ ಸ್ನಾನ. ನೊರೆ ಹಚ್ಚಿ ಗಡಿಯಾರ ನೋಡಿ ಹತ್ತು ನಿಮಿಷ ಬಿಡಬೇಕು, ಆಮೇಲೆ ಪೂರಾ ತೊಳೆಯಬೇಕು. ಬೆರಳಸಂದಿ, ಕಂಕುಳು, ಕಿವಿ ಮಡಿಕೆಯಲ್ಲಿ ಒಂದು ಹನಿ ತೇವ ಇರಬಾರದು. ಕೊನೆಗೆ ಬೆರಳೆತ್ತಿ, "ಆದ್ಮೇಲೆ ಮೈಗೆ ಏನೂ ಹಚ್ಬೇಡಿ. ಎಣ್ಣೆ ಅಂತೂ ಮುಟ್ಟಿಸ್ಲೇಬೇಡಿ" ಎಂದಳು.

ಅಲ್ಲಿಯವರೆಗೆ ಆಕೆಯ ಮಾತನ್ನು ಅರ್ಧ ನಂಬಿದ್ದೆ. ಎಣ್ಣೆಯ ಮಾತು ಬಂದ ತಕ್ಷಣ ಆ ಅರ್ಧವೂ ಹೋಯಿತು. ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿನ ನೆತ್ತಿಗೆ ಮೊದಲು ತಾಗುವುದು ಕೊಬ್ಬರಿ ಎಣ್ಣೆ. ಬಾಣಂತಿಯ ಬೆನ್ನಿಗೆ, ಎತ್ತಿನ ಹೆಗಲ ಹುಣ್ಣಿಗೆ, ಒಡೆದ ಹಿಮ್ಮಡಿಗೆ, ಚೇಳು ಕಡಿದರೆ ಅದಕ್ಕೂ ಕೊಬ್ಬರಿ ಎಣ್ಣೆ. ನವೆ ಎಂದರೆ ಮೈ ಒಣಗಿದೆ ಎಂದರ್ಥ, ಒಣಗಿದ್ದಕ್ಕೆ ಎಣ್ಣೆ ಎಂಬುದು ನಮಗೆ ಮಗ್ಗಿಗಿಂತ ಮೊದಲು ಬಂದ ಪಾಠ. ಅದನ್ನು ಬೇಡ ಎನ್ನುತ್ತಾಳೆಂದರೆ ಇದರಲ್ಲಿ ಏನೋ ಇದೆ. ಮನೆಯ ಎಣ್ಣೆಯಲ್ಲೇ ವಾಸಿಯಾಗಿಬಿಟ್ಟರೆ ಆ ಬಾಟಲಿಯನ್ನು ಯಾರು ಕೊಳ್ಳುತ್ತಾರೆ? ಇಷ್ಟು ಸಲೀಸಾದ ಲೆಕ್ಕ ನನ್ನ ಟೀಚರ್ ಹೆಂಡತಿಗೆ ಹೊಳೆಯಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

ಅವಳಿಗೆ ಹೇಳಿದರೆ ಬಿಡುವುದಿಲ್ಲ. ಆದ್ದರಿಂದ ಹೇಳದೆ ಮಾಡಿದೆ. ಬುಧವಾರ, ಭಾನುವಾರ ಬೆಳಿಗ್ಗೆ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ನಾಯಿಯ ಸ್ನಾನ. ನಾನು ಗಡಿಯಾರ ಹಿಡಿಯುವವನು, ಅವಳು ನೊರೆ ಉಜ್ಜುವವಳು. ಹಳೆಯ ಸೀರೆಯ ತುಂಡಿನಲ್ಲಿ ಬೆರಳಸಂದಿಯನ್ನೆಲ್ಲ ಒರೆಸಿ, ಬಿಸಿಲಿಲ್ಲದ ದಿನ ಹೇರ್ ಡ್ರೈಯರ್ ಹಿಡಿದು, ಅದು ಪೂರ್ತಿ ಒಣಗಿದ ಮೇಲೆ ಅವಳು ತಾನು ಸ್ನಾನಕ್ಕೆ ಹೋಗಿ, ಹಾಗೆಯೇ ಪೂಜೆಗೆ ಕೂರುತ್ತಿದ್ದಳು. ಅವಳು ಕಣ್ಣು ಮುಚ್ಚಿ ಲಿಂಗ ಕೈಯಲ್ಲಿ ಹಿಡಿದು ಕುಳಿತ ಆ ಅರ್ಧ ಗಂಟೆ ನನ್ನದು. ನಮ್ಮ ಕೊಬ್ಬರಿಯಲ್ಲೇ ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ನಾಯಿಯ ಕಂಕುಳಿಗೆ, ಹೊಟ್ಟೆಗೆ, ಬೆರಳಸಂದಿಗೆ, ಕಿವಿಯ ಒಳಮಡಿಕೆಗೆ ನಯವಾಗಿ ತಿಕ್ಕುತ್ತಿದ್ದೆ. ಅದು ಕಣ್ಣು ಅರೆಮುಚ್ಚಿ ಬೆನ್ನ ಮೇಲೆ ಬಿದ್ದುಕೊಳ್ಳುತ್ತಿತ್ತು. ವಾಸನೆಯಿಂದ ಸಿಕ್ಕಿಬೀಳುವ ಭಯ ಇರಲಿಲ್ಲ. ನಮ್ಮ ಮನೆಯ ಗೋಡೆಯೂ ಕೊಬ್ಬರಿ ವಾಸನೆಯದೇ. ಅದನ್ನು ನಾನೇ ಉಳಿಸುತ್ತಿದ್ದೇನೆ, ತೋಟಕ್ಕೆ ಹೋಗದಂತೆ ತಡೆಯುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಮೂರು ವಾರ ಕಳೆಯಿತು. ನವೆ ಹೆಚ್ಚಾಯಿತು. ಹೊಟ್ಟೆಯ ಚರ್ಮ ಆನೆಯ ಚರ್ಮದಂತಾಯಿತು, ಬೆರಳಸಂದಿಯಲ್ಲಿ ರಕ್ತ ಜಿನುಗಿತು. ಹೆಂಡತಿ ಕ್ಯಾಲೆಂಡರಿನಲ್ಲಿ ಹಬ್ಬದ ಚೌಕ ನೋಡುವುದು, ನಾಯಿಯ ಕಡೆ ನೋಡುವುದು, ಮತ್ತೆ ಕ್ಯಾಲೆಂಡರ್ ನೋಡುವುದು ಮಾಡುತ್ತಿದ್ದಳು. ಹಬ್ಬಕ್ಕೆ ಹತ್ತೇ ದಿನ ಉಳಿದಿತ್ತು. ಔಷಧಿ ನಕಲಿ ಎಂದು ನಾನು ತೀರ್ಮಾನಿಸಿ, ಡಾಕ್ಟರನ್ನು ತರಾಟೆಗೆ ತೆಗೆದುಕೊಳ್ಳಲು ಖಾಲಿಯಾಗುತ್ತಾ ಬಂದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು, ಹೆಂಡತಿಯನ್ನೂ ನಾಯಿಯನ್ನೂ ಕರೆದುಕೊಂಡು ಹೊರಟೆ.

ನಾನು ಮಾತು ಶುರುಮಾಡುವ ಮೊದಲೇ ಆಕೆ ಒಂದು ಅಂಟು ಟೇಪಿನ ತುಂಡನ್ನು ನಾಯಿಯ ಹೊಟ್ಟೆಗೆ ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. "ಬನ್ನಿ ಸರ್, ನೀವೇ ನೋಡಿ" ಎಂದಳು. ಬಗ್ಗಿ ನೋಡಿದೆ. ನೇರಳೆ ಬಣ್ಣದ, ಸಿಪ್ಪೆ ಸುಲಿಯದ ಕಡಲೆಕಾಯಿಯಂಥ ಕಾಳುಗಳು ಕಿಕ್ಕಿರಿದಿದ್ದವು. ಇದನ್ನು ಮೊದಲೇ ಮಾಡಿಟ್ಟುಕೊಂಡಿರಬಹುದೇ ಎಂದು ನೋಡುತ್ತಲೇ ಯೋಚಿಸಿದೆ.

ಆಕೆ ನಾಯಿಯ ಕಂಕುಳಿಗೆ ಬೆರಳು ಒತ್ತಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಮತ್ತೊಮ್ಮೆ ಉಜ್ಜಿದಳು. "ಈ ಶಾಂಪೂ ಹಾಕಿದ ನಾಯಿ ಚರ್ಮ ಒಣಗಿರಬೇಕು. ಇಲ್ಲಿ ಜಿಡ್ಡು ಇದೆ. ಎಣ್ಣೆ ಹಚ್ತಿದೀರಾ?"

"ಇಲ್ವಲ್ಲ" ಎಂದೆ.

"ಈ ಈಸ್ಟ್ ಬದುಕೋದೇ ಜಿಡ್ಡು ತಿಂದು ಸರ್. ನಾವು ಒಂದು ಕಡೆಯಿಂದ ಸಾಯಿಸ್ತಾ ಬಂದ್ರೆ, ಯಾರೋ ಇನ್ನೊಂದು ಕಡೆಯಿಂದ ಊಟ ಹಾಕ್ತಿದಾರೆ. ಯಾರು ಹಚ್ತಿರೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗೈಯನ್ನು ಪಂಚೆಗೆ ಒರೆಸಿಕೊಂಡೆ. ಬೆಂಚಿನ ಮೇಲೆ ಮೇಕೆ ಹಿಡಿದುಕೊಂಡ ಇಬ್ಬರು ನನ್ನ ಗುರುತಿನವರೇ ಇದ್ದರು, ನಮ್ಮ ಮಂಡಿಗೆ ಕೊಬ್ಬರಿ ತರುವವರು. ಅವರ ಎದುರು, ಮಗಳ ವಯಸ್ಸಿನ ಹುಡುಗಿಯ ಕೈಯಲ್ಲಿ ಸಿಕ್ಕಿಬೀಳುವುದೇ? ನನ್ನ ಬಾಯಿಂದ ಬಂದದ್ದು ಇದು: "ನನಗೇನ್ ಗೊತ್ತು? ನಾನು ಇಡೀ ದಿನ ಮಂಡೀಲಿರ್ತೀನಿ. ಮನೇಲಿ ಹೆಂಗಸ್ರು ಏನಾದ್ರೂ ಹಚ್ಚಿರಬಹುದು."

ನಮ್ಮ ಮನೆಯಲ್ಲಿ ಹೆಂಗಸರು ಎಂದರೆ ಒಬ್ಬಳೇ. ಅವಳು ನಾಯಿಯನ್ನು ಮೇಜಿನ ಮೇಲೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ಮೂವತ್ತು ವರ್ಷ ಸುಳ್ಳು ಹೇಳುವ ಮಕ್ಕಳ ಮುಖ ನೋಡಿದವಳು ಅವಳು. ಅವಳಿಗೆ ಆ ಒಂದು ನೋಟ ಸಾಕಾಯಿತು.

"ಹೌದು ಡಾಕ್ಟ್ರೇ" ಎಂದಳು. "ನಾನೇ ಹಚ್ಚಿದ್ದು."

ಡಾಕ್ಟರ್ ಅವಳನ್ನು ಬಯ್ದಳು. ಗಟ್ಟಿಯಾಗಿಯೇ ಬಯ್ದಳು. ಅಷ್ಟು ಹೇಳಿದರೂ ಕೇಳಲಿಲ್ಲವಲ್ಲ, ಓದಿದವರು ಹೀಗೆ ಮಾಡಿದರೆ ಹೇಗೆ, ನಿಮ್ಮ ಪ್ರೀತಿಯಿಂದಲೇ ಇದು ಮೂರು ವಾರ ನರಳಿತು ಎಂದಳು. ಹೆಂಡತಿ ತಲೆಬಗ್ಗಿಸಿ, "ತಪ್ಪಾಯ್ತು, ಇನ್ನು ಮಾಡಲ್ಲ" ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಊರಿನವರ ಮೇಲೆ ಎಸೆದಿದ್ದೇನೆ. ಅಂದು ಬರೆ ಹಾಕಿಸಿದವನು ನಾನು, ಹಾಕಿಸಿಕೊಂಡವಳು ಅವಳು. ನನಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ, ಬಾಯಿ ತೆರೆದು ನಿಜ ಹೇಳಲು ಕೂಡ ಆಗಲಿಲ್ಲ.

ಅವಳು ಮನೆಗೆ ಬಂದು, ನಾಯಿಗೆ ನೀರಿಟ್ಟು, ನನ್ನೆದುರು ಕುರ್ಚಿ ಎಳೆದುಕೊಂಡು ಕುಳಿತಳು.

"ಎಷ್ಟು ದಿನದಿಂದ?"

"ಮೊದಲ್ನೇ ಸ್ನಾನದಿಂದ."

"ನಾನು ಪೂಜೆಗೆ ಕೂತಾಗ?"

ತಲೆಯಾಡಿಸಿದೆ. ಆಮೇಲೆ ಕೇಳಿದೆ, "ಅಲ್ಲಿ ಯಾಕೆ ಹಂಗಂದೆ? ನಂದೇ ತಪ್ಪು ಅಂತ ಹೇಳ್ಬೋದಾಗಿತ್ತಲ್ಲ."

"ಕ್ಲಾಸಲ್ಲಿ ಗಾಜು ಒಡೆದೋರು ಯಾರು ಅಂತ ಕೇಳ್ತಾ ನಿಂತ್ರೆ ಪಾಠ ಆಗಲ್ಲ" ಎಂದಳು. "ನೀವು ಒಪ್ಕೊಳ್ಳೋ ತನಕ ಕಾಯೋಕೆ ಇದಕ್ಕೆ ಟೈಮ್ ಇರ್ಲಿಲ್ಲ. ಹಬ್ಬದೊಳಗೆ ವಾಸಿ ಆಗ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

ಅವಳು ಕೋಪ ಮಾಡಿಕೊಂಡಿದ್ದರೆ ನಾನೂ ತಿರುಗಿ ಕೂಗಾಡಿ ಹಗುರವಾಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. "ತೋಟಕ್ಕೆ ಕಳಿಸೋ ಮಾತು ಇನ್ನು ಎತ್ತಬೇಡಿ" ಎಂದಷ್ಟೇ ಹೇಳಿ ಎದ್ದುಹೋದಳು. ನಾನು ಎತ್ತಲಿಲ್ಲ.

ಆಮೇಲೆ ಚಿಕಿತ್ಸೆ ಪೂರ್ತಿ ಅವಳದೇ ಕೈಗೆ ಹೋಯಿತು. ಗಡಿಯಾರವನ್ನೂ ಅವಳೇ ನೋಡಿದಳು. ಹಬ್ಬದ ಹೊತ್ತಿಗೆ ನವೆ ಅರ್ಧ ಇಳಿದಿತ್ತು. ಬಂದ ನೆಂಟರಲ್ಲಿ ಯಾರೋ ಮೂಗು ಮುಚ್ಚಿಕೊಂಡಾಗ, ಇದು ಅಂಟುವುದಿಲ್ಲ ಎಂದು ನಾನೇ ಎದ್ದು ನಿಂತು ಈಸ್ಟಿನ ಮೇಲೆ ಭಾಷಣ ಮಾಡಿದೆ. ಇನ್ನೊಂದು ತಿಂಗಳಿಗೆ ಕಂಕುಳಲ್ಲಿ ಕೂದಲು ಚಿಗುರಿತು, ಹುಳಿವಾಸನೆ ಹೋಯಿತು. ಮಳೆ ಹಿಡಿದಾಗ ಈಗಲೂ ಸ್ವಲ್ಪ ಕಾಲು ನೆಕ್ಕುತ್ತದೆ, ಅವಳು ಆಗಲೇ ಬಾಟಲಿ ತೆಗೆಯುತ್ತಾಳೆ. ಡಾಕ್ಟರ್ ಅವಳನ್ನು ಕಂಡಾಗೆಲ್ಲ "ಎಣ್ಣೆ ಇಲ್ಲ ತಾನೇ ಮೇಡಂ?" ಎಂದು ತಮಾಷೆ ಮಾಡುತ್ತಾಳೆ. ಅವಳು "ಇಲ್ಲಮ್ಮ, ಬುದ್ಧಿ ಬಂತು" ಎಂದು ನಗುತ್ತಾಳೆ. ನಾನು ಆಗೆಲ್ಲ ಪಕ್ಕದಲ್ಲೇ ಇರುತ್ತೇನೆ. ನಿಜ ಹೇಳಲು ಇನ್ನೂ ಬಾಯಿ ಬಂದಿಲ್ಲ.

ಮನೆಯಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಸಂಜೆ ನಾನು ಮಂಡಿಯಿಂದ ಬಂದು ನಾಯಿಯನ್ನು ಎತ್ತಿಕೊಳ್ಳಬೇಕಾದರೆ ಮೊದಲು ಸೋಪು ಹಾಕಿ ಕೈ ತೊಳೆಯಬೇಕು, ಆಮೇಲೆ ಎರಡೂ ಅಂಗೈ ಅವಳ ಮುಂದೆ ಚಾಚಬೇಕು. ಅವಳು ಬಗ್ಗಿ ಮೂಸಿ ನೋಡುತ್ತಾಳೆ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಮಕ್ಕಳ ಉಗುರು ನೋಡಿದಷ್ಟೇ ಸಹಜವಾಗಿ. ನಲವತ್ತು ವರ್ಷ ಕೊಬ್ಬರಿ ಹಿಡಿದ ಕೈ ಯಾವ ಸೋಪಿಗೆ ವಾಸನೆ ಬಿಡುತ್ತದೆ? ನಾಯಿ ಅವಳ ತೊಡೆಯ ಮೇಲಿಂದ ನನ್ನ ಕಡೆ ನೋಡುತ್ತಾ ಬಾಲ ಆಡಿಸುತ್ತಿರುತ್ತದೆ.

ಮೊನ್ನೆ ತಡೆಯಲಾರದೆ ಹೇಳಿದೆ. "ಎಣ್ಣೆ ಮುಟ್ಟಿಲ್ಲ ಕಣೇ. ನಿಜವಾಗ್ಲೂ ಮುಟ್ಟಿಲ್ಲ."

ನಾನು ಹೇಳಿದ್ದು ನಿಜವೇ ಆಗಿತ್ತು.

"ಇರಬಹುದು" ಎಂದಳು. "ಇನ್ನೊಂದ್ಸಲ ತೊಳ್ಕೊಂಡ್ ಬನ್ನಿ."

ನಾನು ಎದ್ದು ಬಚ್ಚಲಿಗೆ ಹೋದೆ.